ತಂಪಿನ ಹಂಗು

‘ಹಂಗು’ ಎಂಬುದು ನಮ್ಮ ಭಾಷೆಯ ಒಂದು ವಿಚಿತ್ರವಾದ ಮಾತು. ಸಾಲಕ್ಕೂ ಅದಕ್ಕೂ ಸಂಬಂಧವಿದೆ, ಆದರೆ ಸಾಲವನ್ನು ಬಡ್ಡಿ ಸಮೇತ ತೀರಿಸಿ ಪತ್ರವನ್ನು ಹರಿದುಹಾಕಬಹುದು. ಉಪಕಾರಕ್ಕೂ ಅದಕ್ಕೂ ಸಂಬಂಧವಿದೆ, ಆದರೆ ಉಪಕಾರ ಮಾಡಿದವನೇ ಮರೆತುಬಿಟ್ಟಿದ್ದರೂ ಹಂಗು ಮಾತ್ರ ಪಡೆದವನ ಮನಸ್ಸಿನಲ್ಲಿ ಹಾಗೇ ಕೂತಿರುತ್ತದೆ. ‘ಯಾರ ಹಂಗೂ ಇಲ್ಲದೆ ಬಾಳಿ ಹೋದರು’ ಎಂದರೆ ನಮ್ಮ ಕಡೆ ಸತ್ತವರಿಗೆ ಸಲ್ಲುವ ದೊಡ್ಡ ಗೌರವ. ನಮ್ಮ ತಂದೆಯವರು ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದರೆ, ಹಿಂದಿರುಗಿಸುವಾಗ ಲೋಟದ ಮೇಲೆ ಗೋಪುರ ಬರುವಷ್ಟು ತುಂಬಿಸಿ ಕಳಿಸುತ್ತಿದ್ದರು. ಆ ಗೋಪುರ ಹಂಗಿನ ಬಡ್ಡಿ.

ಆದರೆ ಹಂಗೇ ಇಲ್ಲದ ಬದುಕು ಎಂಬುದೊಂದು ಉಂಟೆ? ಇದ್ದರೆ ಅದು ಒಳ್ಳೆಯದೆ? ಈ ಪ್ರಶ್ನೆಯನ್ನು ನಾನು ಗ್ರಂಥಗಳಿಂದ ಎತ್ತಿಕೊಂಡಿದ್ದಲ್ಲ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಒಂದು ಚಕ್ರದ ಮನೆಯ ಮಾಡಿನ ಮೇಲೆ ಕೂತಿದ್ದ ಏರ್ ಕಂಡೀಷನರ್ ಇದನ್ನು ನನ್ನೆದುರು ಇಟ್ಟಿತು.

ನಾನು ಶಿವಮೊಗ್ಗ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಮಗಳು, ಅಳಿಯ ಫೀನಿಕ್ಸ್ ನಗರದಲ್ಲಿದ್ದಾರೆ. 2024ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋದೆವು. ತಿಳಿದವರು ಆ ಊರಿಗೆ ಬೇಸಿಗೆಯಲ್ಲಿ ಹೋಗುವುದಿಲ್ಲ. ಹಿಂದಿನ ವರ್ಷ, 2023ರಲ್ಲಿ, ಜೂನ್ 30ರಿಂದ ಜುಲೈ 30ರವರೆಗೆ 31 ದಿನ ಬಿಡದೆ ಅಲ್ಲಿನ ಹಗಲಿನ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 43.3 ಡಿಗ್ರಿಯನ್ನು ಮುಟ್ಟಿತ್ತು ಅಥವಾ ದಾಟಿತ್ತು. ಆದರೆ ಒಂದೂವರೆ ವರ್ಷದ ಮೊಮ್ಮಗನನ್ನು ನೋಡುವ ಆಸೆ ಪಂಚಾಂಗ ನೋಡುವುದಿಲ್ಲ.

ಅಳಿಯ ಯಾರೋ ಬಳಸಿದ ಒಂದು ಕ್ಯಾಂಪರ್ ಕೊಂಡಿದ್ದರು. ಪಿಕಪ್ ಟ್ರಕ್ಕಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಗಾಡಿ ಅದು. ಒಳಗೆ ಮಂಚ, ಒಲೆ, ತೊಟ್ಟಿ, ಫ್ರಿಜ್, ಬಚ್ಚಲು ಎಲ್ಲ ಇವೆ. ಜಾತ್ರೆಗೆ ಹೊರಟ ನಮ್ಮ ಕಮಾನು ಗಾಡಿಗೆ ಶ್ರೀಮಂತ ದಾಯಾದಿ ಎನ್ನಬಹುದು. ದುಡ್ಡು ಕೊಟ್ಟು ತಂಗುವ ಬಿಡಾರಗಳಲ್ಲಿ ಪ್ರತಿ ಗಾಡಿಗೂ ಒಂದು ಕರೆಂಟಿನ ಕಂಬವಿರುತ್ತದೆ. ತಂತಿ ಸಿಕ್ಕಿಸಿದರೆ ಎಲ್ಲವೂ ಮನೆಯಂತೆ. ಆದರೆ ಆ ದೇಶದ ಪಶ್ಚಿಮ ಭಾಗದಲ್ಲಿ ಸರ್ಕಾರದ ಬಯಲು, ಕಾಡು ವಿಸ್ತಾರವಾಗಿದೆ. ಅದರಲ್ಲಿ ಬಹುಪಾಲು ಕಡೆ ಬಾಡಿಗೆಯಿಲ್ಲದೆ ಸಾಮಾನ್ಯವಾಗಿ 14 ದಿನಗಳವರೆಗೆ ಗಾಡಿ ನಿಲ್ಲಿಸಿಕೊಳ್ಳಬಹುದು. ಅಲ್ಲಿ ಕಂಬವಿಲ್ಲ, ನಲ್ಲಿಯಿಲ್ಲ, ನೆರೆಮನೆಯೂ ಇಲ್ಲ. ಅಳಿಯನವರಿಗೆ ಮೆಚ್ಚಿಗೆಯಾದದ್ದು ಇದೇ. ‘ಮಾವ, ಅಲ್ಲಿ ಯಾರ ಹಂಗೂ ಇಲ್ಲ’ ಎಂದರು. ಹತ್ತು ವರ್ಷ ಅಮೆರಿಕದಲ್ಲಿದ್ದೂ ಅವರ ಬಾಯಿಗೆ ಆ ಕನ್ನಡ ಮಾತೇ ಬಂದದ್ದು ನನಗೆ ಸಂತೋಷವಾಯಿತು.

ಹಂಗು ಬೇಡವೆಂದರೆ ಕರೆಂಟನ್ನು ನಾವೇ ಹೊತ್ತುಕೊಂಡು ಹೋಗಬೇಕು. ದೀಪ, ಫೋನು, ನೀರಿನ ಪಂಪು, ಫ್ಯಾನು ಇವು ಸಾಧುಪ್ರಾಣಿಗಳು. ಒಂದು ಸಣ್ಣ ಬ್ಯಾಟರಿಯಿಂದ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಮಾಡಿನ ಮೇಲಿನ ಎಸಿ ಹಾಗಲ್ಲ. ಪ್ರಯಾಣದ ಹಿಂದಿನ ರಾತ್ರಿ ಅಳಿಯನೂ ನಾನೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಲೆಕ್ಕಕ್ಕೆ ಕೂತೆವು. ನನ್ನೊಳಗಿನ ಮೇಷ್ಟರಿಗೆ ಬಹಳ ದಿನಗಳ ಮೇಲೆ ಹಬ್ಬವಾಯಿತು.

ಆ ಎಸಿ 13,500 ಬಿಟಿಯು ಸಾಮರ್ಥ್ಯದ್ದು. ನಮ್ಮ ಅಂಗಡಿಗಳ ಭಾಷೆಯಲ್ಲಿ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಈ ‘ಟನ್’ ಎಂಬುದು ಯಂತ್ರದ ತೂಕವಲ್ಲ. ಎಸಿ ಹುಟ್ಟುವ ಮೊದಲು ಜನ ತಂಪಿಗಾಗಿ ಮಂಜುಗಡ್ಡೆ ಕೊಳ್ಳುತ್ತಿದ್ದರು. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೋ ಅಷ್ಟನ್ನು ತೆಗೆದುಹಾಕುವ ಯಂತ್ರ ಒಂದು ಟನ್ನಿನದು. ನಮ್ಮ ಗಾಡಿಯ ಯಂತ್ರ ಒಳಗಿನ ಸುಮಾರು 4 ಕಿಲೋವ್ಯಾಟ್ ಶಾಖವನ್ನು ಹೊರಕ್ಕೆ ದೂಡಲು ಸುಮಾರು 1.4 ಕಿಲೋವ್ಯಾಟ್ ವಿದ್ಯುತ್ತನ್ನು ತಿನ್ನುತ್ತದೆ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರಿನ ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯಿಂದ 1.55 ಕಿಲೋವ್ಯಾಟಿನಷ್ಟು ಹೋಗುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇದರ ಎರಡು ಮೂರು ಪಟ್ಟು ಕೇಳುತ್ತದೆ. ಆ ಏಟನ್ನು ಮೆತ್ತಗೆ ಮಾಡಲೆಂದೇ ಒಂದು ಸಣ್ಣ ಪೆಟ್ಟಿಗೆಯನ್ನು ಜೋಡಿಸಿದ್ದರು.

ಗಾಡಿಯಲ್ಲಿದ್ದವು 12 ವೋಲ್ಟಿನ, 100 ಆಂಪಿಯರ್-ಗಂಟೆಯ ಎರಡು ಲಿಥಿಯಂ ಬ್ಯಾಟರಿಗಳು. ಎರಡೂ ಸೇರಿ ಸುಮಾರು 2.56 ಯೂನಿಟ್. ಫ್ರಿಜ್ಜಿಗೆ, ರಾತ್ರಿಯ ಫ್ಯಾನಿಗೆ, ಪಂಪಿಗೆಂದು 0.6 ಯೂನಿಟ್ ಮೀಸಲಿಟ್ಟರೆ ಎಸಿಗೆ ಉಳಿಯುವುದು ಎರಡು ಯೂನಿಟ್ಟಿಗೂ ಕಡಿಮೆ. ಒಂದೂಕಾಲು ಗಂಟೆಯ ತಂಪು, ಅಷ್ಟೇ. ಮಾಡಿನ ಮೇಲಿನ ಸೋಲಾರ್ ಹಲಗೆಗಳು 400 ವ್ಯಾಟಿನವು. ಅರಿಜೋನಾದ ಉರಿಬಿಸಿಲು ಇಡೀ ದಿನ ಅವುಗಳ ಮೇಲೆ ಬಿದ್ದರೆ ನಷ್ಟ ಕಳೆದು ಸಿಗುವುದು ಎರಡು ಯೂನಿಟ್ಟಿನ ಆಸುಪಾಸು. ಅಂದರೆ ಸೂರ್ಯನಾರಾಯಣ ಬೆಳಗಿನಿಂದ ಸಂಜೆಯವರೆಗೆ ದುಡಿದು ನಮಗೆ ಕೊಡುವುದು ಒಂದೂಕಾಲು ಗಂಟೆಯ ತಂಪು! ನಮ್ಮ ಊರಿನ ಮನೆಗಳಲ್ಲಿ ಯುಪಿಎಸ್ಸಿಗೆ ಇಡುವ ಆಸಿಡ್ ಬ್ಯಾಟರಿಯಾಗಿದ್ದರೆ ಒಂದರಿಂದ ಈ ಯಂತ್ರ ಮುಕ್ಕಾಲು ಗಂಟೆಯೂ ಓಡುತ್ತಿರಲಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಅಂಕಿಗಳಲ್ಲಿ ಬರೆದರೆ ಹೀಗಿರುತ್ತದೆ.

ಹಾಸಿಗೆಯನ್ನೇ ದೊಡ್ಡದು ಮಾಡುವವರೂ ಇದ್ದಾರೆ. ಹತ್ತು ಹನ್ನೆರಡು ಬ್ಯಾಟರಿಗಳನ್ನು ಸಾಲಾಗಿಟ್ಟು, ಮಾಡಿನ ತುಂಬ ಹಲಗೆ ಹೊದಿಸಿ ರಾತ್ರಿಯಿಡೀ ಎಸಿ ಓಡಿಸುತ್ತಾರೆ. ಕಾಲನ್ನು ಮಡಿಸಿಕೊಳ್ಳುವವರೂ ಇದ್ದಾರೆ. ಮಾಡಿನ ದೊಡ್ಡ ಯಂತ್ರವನ್ನು ಮುಟ್ಟದೆ 500 ವ್ಯಾಟಿನೊಳಗೆ ಓಡುವ 5,000 ಬಿಟಿಯುವಿನ ಸಣ್ಣ ಕಿಟಕಿ ಎಸಿ ಇಟ್ಟು, ಮಲಗುವ ಮೂಲೆಗೆ ಒಂದು ದಪ್ಪ ಪರದೆ ಇಳಿಬಿಟ್ಟು ಅಷ್ಟನ್ನೇ ತಂಪು ಮಾಡಿಕೊಳ್ಳುತ್ತಾರೆ. ಗಾಳಿ ಒಣಗಿದ್ದಾಗ ಒದ್ದೆ ಮಾಡಿದ ಜಾಲರಿಯ ಮೂಲಕ ಫ್ಯಾನು ಬೀಸುವ ಕೂಲರ್ ಸಾಕಾಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಯೂನಿಟ್ಟಿನ ಮೂರನೆಯ ಎರಡು ಭಾಗದಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಲಾವಂಚದ ತಟ್ಟಿಯದೂ ಮಣ್ಣಿನ ಹೂಜಿಯದೂ ಇದೇ ವಿದ್ಯೆ. ಮಂಗಳೂರಿನ ಬೆವರುವ ಗಾಳಿಯಲ್ಲಿ ಅದು ನಡೆಯದು. ರಾಯಚೂರಿನ ಏಪ್ರಿಲ್‌ನಲ್ಲಿ ನಡೆಯುತ್ತದೆ. ಎಲ್ಲಕ್ಕಿಂತ ಹಳೆಯ ಉಪಾಯ, ತಂಪಿದ್ದಲ್ಲಿಗೆ ನಡೆದುಬಿಡುವುದು. ಸುಮಾರು 330 ಮೀಟರ್ ಎತ್ತರದ ಫೀನಿಕ್ಸಿನಿಂದ 230 ಕಿಲೋಮೀಟರ್ ಉತ್ತರಕ್ಕೆ ಹೋದರೆ 2,100 ಮೀಟರ್ ಎತ್ತರದ ಫ್ಲಾಗ್‌ಸ್ಟಾಫ್ ಸಿಗುತ್ತದೆ. ಅಲ್ಲಿ ಹತ್ತು ಡಿಗ್ರಿಗೂ ಹೆಚ್ಚು ತಂಪು. ಕುರಿ ಹೊಡೆದುಕೊಂಡು ಋತು ನೋಡಿ ಊರು ಬದಲಿಸುವ ನಮ್ಮ ಕುರುಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾವೂ ಅಲ್ಲಿಗೇ ಹೊರಟಿದ್ದೆವು.

ಇಷ್ಟೂ ಸಾಲದಾದಾಗ ಇನ್ನೊಂದು ದಾರಿಯಿದೆ, ಜನರೇಟರ್. ಎಸಿಯನ್ನು ಹೊರುವ ಸಣ್ಣ ಜನರೇಟರ್ ಗಂಟೆಗೆ ಒಂದು ಲೀಟರಿನ ಆಸುಪಾಸು ಪೆಟ್ರೋಲ್ ಕುಡಿಯುತ್ತದೆ. ಅಳಿಯ ಒಂದು ಜನರೇಟರನ್ನೂ ಐದು ಗ್ಯಾಲನ್ ಪೆಟ್ರೋಲಿನ ಒಂದು ಕ್ಯಾನನ್ನೂ ಟ್ರಕ್ಕಿನಲ್ಲಿ ಇಟ್ಟುಕೊಂಡಿದ್ದರು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ‘ಎಸಿ ತಂಪನ್ನು ಉತ್ಪಾದಿಸುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆದ ಹುಡುಗರಿಗೆ ನಾನು ಎಂದೂ ಅಂಕ ಕೊಟ್ಟವನಲ್ಲ. ತಂಪು ಎಂಬ ವಸ್ತುವೇ ಇಲ್ಲ. ಇರುವುದು ಶಾಖ ಒಂದೇ, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು. ಕೋಣೆಯಿಂದ ತೆಗೆದ 4 ಕಿಲೋವ್ಯಾಟ್, ತೆಗೆಯಲು ಬಳಸಿದ 1.4 ಕಿಲೋವ್ಯಾಟ್, ಎರಡೂ ಸೇರಿ 5.4 ಕಿಲೋವ್ಯಾಟ್ ಶಾಖ ಹೊರಗೆ ಬೀಳುತ್ತದೆ. ಒಳಗಿದ್ದವರಿಗೆ ಆದ ಸುಖಕ್ಕಿಂತ ಹೊರಗೆ ಸುರಿದ ಬಿಸಿ ಯಾವಾಗಲೂ ಹೆಚ್ಚು. ಪ್ರಕೃತಿ ಇದರಲ್ಲಿ ಯಾರಿಗೂ ರಿಯಾಯಿತಿ ತೋರಿಸಿಲ್ಲ. ಬಯಲಿನಲ್ಲಿ ಒಂದೇ ಗಾಡಿಯಿದ್ದರೆ ಆ ಬಿಸಿ ಆಕಾಶಕ್ಕೆ ಹೋಯಿತು, ಯಾರಿಗೂ ತೊಂದರೆಯಿಲ್ಲ. ಹೊರಗೆ ಇನ್ನೊಬ್ಬರಿದ್ದರೆ ಅದು ಭೌತಶಾಸ್ತ್ರವನ್ನು ಬಿಟ್ಟು ನೀತಿಶಾಸ್ತ್ರಕ್ಕೆ ದಾಟುತ್ತದೆ.

ನಮ್ಮ ಪ್ರಯಾಣದಲ್ಲಿ ಹಾಗೆಯೇ ಆಯಿತು. ದಾರಿಯಲ್ಲಿ ಗಾಡಿಯ ಟೈರು ಸಿಡಿಯಿತು. ಅದನ್ನು ಬದಲಿಸಿ, ಇನ್ನೊಂದನ್ನು ಹುಡುಕಿ ಕೊಳ್ಳುವಷ್ಟರಲ್ಲಿ ಕತ್ತಲಾಯಿತು. ರಾತ್ರಿ ಬೆಟ್ಟ ಹತ್ತುವುದು ಬೇಡವೆಂದು ವರ್ಡಿ ನದಿಯ ಕಣಿವೆಯಲ್ಲಿ, ಕಂಬಗಳಿಲ್ಲದ ಒಂದು ಬಿಡಾರದಲ್ಲಿ ನಿಂತೆವು. ಗಂಟೆ ಹತ್ತಾಗಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಜನರೇಟರ್ ಓಡಿಸಬಾರದೆಂದು ಅಲ್ಲಿ ಫಲಕ ಹಾಕಿದ್ದರು. ಹೊರಗೆ 34 ಡಿಗ್ರಿ. ಹಗಲೆಲ್ಲ ಬಿಸಿಲು ಕುಡಿದ ಗಾಡಿಯ ಒಳಗೆ ಅದಕ್ಕಿಂತ ಹೆಚ್ಚು. ಮಗು ಅತ್ತು ಅತ್ತು ಮುಖ ಕೆಂಪಗಾಗಿತ್ತು.

ಹದಿನೈದು ಅಡಿ ಆಚೆಗೆ ಒಂದು ಹಳೆಯ ವ್ಯಾನು. ಅದರ ಹಿಂಬಾಗಿಲನ್ನು ಪೂರ್ತಿ ತೆರೆದುಕೊಂಡು ಎಪ್ಪತ್ತು ದಾಟಿದ ಒಬ್ಬ ಮುದುಕರು ಕೂತಿದ್ದರು. ಕುತ್ತಿಗೆಗೆ ಒದ್ದೆ ಟವೆಲು, ಎದುರಿಗೆ ಅಂಗೈಯಗಲದ ಒಂದು ಫ್ಯಾನು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರ ಪಿಂಚಣಿಯಲ್ಲಿ ಬಾಡಿಗೆ ಕಟ್ಟಲಾಗದೆ ವ್ಯಾನನ್ನೇ ಮನೆ ಮಾಡಿಕೊಂಡಿದ್ದಾರೆಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಹೀಗೆ ಬದುಕುವ ವಯಸ್ಸಾದವರು ಅಪರೂಪವಲ್ಲ; ಅವರ ಬಗ್ಗೆ 2017ರಲ್ಲಿ ಜೆಸ್ಸಿಕಾ ಬ್ರೂಡರ್ ಬರೆದ ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಮುಂದೆ ಸಿನಿಮಾ ಕೂಡ ಆಯಿತು. ನಮಗೆ ರಜೆಯ ಆಟವಾದದ್ದು ಅವರಿಗೆ ಮನೆ. ಬೆಟ್ಟದ ಮೇಲಿನ ತಂಪಿಗೆ ಹೋಗಬಹುದಲ್ಲ ಎಂದರೆ, ಪೆಟ್ರೋಲಿಗೆ ದುಡ್ಡು ಬರಲು ಇನ್ನೂ ಐದು ದಿನ ಕಾಯಬೇಕಿತ್ತು. ಊರು ಬದಲಿಸುವುದೂ ಪುಕ್ಕಟೆಯಲ್ಲ.

ಮಗುವಿನ ಅಳು ಕೇಳಿ ಅವರೇ ಎದ್ದು ಬಂದರು. ‘ಜನರೇಟರ್ ಹಾಕಿಕೊಳ್ಳಿ, ನನ್ನಿಂದ ದೂರು ಬರುವುದಿಲ್ಲ’ ಎಂದರು. ಅಳಿಯ ನನ್ನ ಮುಖ ನೋಡಿದರು. ‘ಅವರೇ ಒಪ್ಪಿದ್ದಾರಲ್ಲ ಮಾವ’ ಎಂದರು.

ಒಪ್ಪಿಗೆ ಸಿಕ್ಕರೆ ಎಲ್ಲವೂ ಸರಿಯಾಯಿತೆ? ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಎಸಿಯಲ್ಲಿ ಮಲಗುವ ನಮಗಿಂತ, ಗಾಳಿಗಾಗಿ ಬಾಗಿಲು ತೆರೆದು ಮಲಗುವ ಅವರಿಗೇ ಅದರ ಅಪಾಯ ಹೆಚ್ಚು. ಸದ್ದೂ ಅವರದೇ ಪಾಲಿಗೆ. ನಮ್ಮ ಬಿಸಿ, ನಮ್ಮ ಹೊಗೆ, ನಮ್ಮ ಸದ್ದು ಮೂರೂ ಆ ತೆರೆದ ಬಾಗಿಲಿನೊಳಗೆ ಹೋಗುತ್ತಿದ್ದವು. ಕೊಡಲು ತನ್ನ ನಿದ್ದೆಯ ಹೊರತು ಬೇರೇನೂ ಇಲ್ಲದವನು ಅದನ್ನೇ ಕೊಡುತ್ತೇನೆ ಎಂದಾಗ, ತೆಗೆದುಕೊಳ್ಳುವವನಿಗೆ ಅಲ್ಲಿಗೆ ಯೋಚನೆ ಮುಗಿಯಬಾರದು. ಒಪ್ಪಿಗೆಯಿಂದ ಕಾನೂನಿನ ಬಾಯಿ ಮುಚ್ಚಬಹುದು, ಹೊಗೆಯ ದಿಕ್ಕು ಬದಲಾಗುವುದಿಲ್ಲ.

ನಾನು ಹೀಗೆ ತರ್ಕ ಮಾಡುತ್ತಿರುವಾಗ ನನ್ನ ಹೆಂಡತಿ ಮಗಳಿಗೆ ಹೇಳಿದಳು: ‘ಬ್ಯಾಟರಿಯಲ್ಲಿ ಒಂದೂಕಾಲು ಗಂಟೆ ಓಡುತ್ತದೆ ಅಂತ ನಿನ್ನೆ ಅಪ್ಪ, ಇವರು ಲೆಕ್ಕ ಹಾಕಿದ್ದರಲ್ಲ, ಅದನ್ನು ಹಾಕು. ಆ ಯಜಮಾನರನ್ನೂ ಒಳಗೆ ಕರಿ. ಕೂತುಕೊಳ್ಳಲಿ, ಮೊಸರನ್ನ ಇದೆ.’

ಅವರು ಮೊದಲು ಒಪ್ಪಲಿಲ್ಲ. ‘ಯಾರಿಗೂ ಭಾರವಾಗಿ ನನಗೆ ಅಭ್ಯಾಸವಿಲ್ಲ’ ಎಂದರು. ಇಂಗ್ಲಿಷಿನಲ್ಲಿ ಹೇಳಿದರೂ ನನ್ನ ಕಿವಿಗೆ ಅದು ನಮ್ಮ ತಂದೆಯವರ ದನಿಯಂತೆ ಕೇಳಿಸಿತು. ಮಗಳು, ‘ನಮ್ಮ ಕೈ ಸೋತಿದೆ, ಮಗುವನ್ನು ಸ್ವಲ್ಪ ಹೊತ್ತು ಆಡಿಸುತ್ತೀರಾ?’ ಎಂದು ಕೇಳಿದಳು. ಅದಕ್ಕೆ ಅವರು ಬಂದರು. ಬರಿಗೈಯಲ್ಲಿ ಬರಲಿಲ್ಲ, ತಮ್ಮ ಐಸ್ ಪೆಟ್ಟಿಗೆಯಲ್ಲಿ ಉಳಿದಿದ್ದ ಮಂಜುಗಡ್ಡೆಯನ್ನೆಲ್ಲ ಒಂದು ಬೋಗುಣಿಗೆ ಸುರಿದುಕೊಂಡು ತಂದರು. ಮಗು ಅದರಲ್ಲಿ ಕೈಯಾಡಿಸುತ್ತ ನಗಲು ಶುರುಮಾಡಿತು. ಆರು ಜನ ಆ ಸಣ್ಣ ಪೆಟ್ಟಿಗೆಯಂಥ ಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಗುಲಿಸಿ ಕೂತೆವು. ಹನ್ನೊಂದೂವರೆಯ ಹೊತ್ತಿಗೆ ಅಳಿಯ ಮೀಟರು ನೋಡಿ ಎಸಿ ಆರಿಸಿದರು. ಮಗು ನಿದ್ದೆ ಹೋಗಿತ್ತು. ಹೊರಗೂ ಗಾಳಿ ಸ್ವಲ್ಪ ಆರಿತ್ತು. ಉಳಿದ ರಾತ್ರಿಯನ್ನು 30 ವ್ಯಾಟಿನ ಫ್ಯಾನು ಕಳೆಸಿತು.

ಮಲಗಿದ ಮೇಲೆ ನಾನು ಮನಸ್ಸಿನಲ್ಲೇ ಇನ್ನೊಂದು ಲೆಕ್ಕ ಹಾಕಿದೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖವನ್ನು ಬಿಡುತ್ತಾನೆ. ಅದನ್ನು ಹೊರಹಾಕಲು ಆ ಎಸಿಗೆ ಬೇಕಾಗುವ ವಿದ್ಯುತ್ತು 35 ವ್ಯಾಟ್. ಅಂದರೆ ಒಬ್ಬ ಅತಿಥಿಯನ್ನು ಒಳಗೆ ಕರೆದದ್ದಕ್ಕೆ ನಾವು ತೆತ್ತದ್ದು ಒಂದು ಫ್ಯಾನಿನ ಖರ್ಚು. ಅವರು ಒಳಗೆ ಬರದಿದ್ದರೂ ಯಂತ್ರ 1,400 ವ್ಯಾಟ್ ತಿನ್ನುತ್ತಲೇ ಇತ್ತು. ಅನ್ನವನ್ನು ಇನ್ನೊಬ್ಬರಿಗೆ ಬಡಿಸಿದರೆ ನಮ್ಮ ಎಲೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ತಂಪು ಹಾಗಲ್ಲ, ಹಂಚಿಕೊಂಡರೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಾಗಿದ್ದೂ ಲೋಕದಲ್ಲಿ ತಂಪಿನಷ್ಟು ಒಂಟಿಯಾಗಿ, ಬಾಗಿಲು ಹಾಕಿಕೊಂಡು ಅನುಭವಿಸುವ ಸುಖ ಇನ್ನೊಂದಿಲ್ಲ.

ಬೆಳಿಗ್ಗೆ ಹೊರಡುವಾಗ ಅಳಿಯ ಜನರೇಟರಿಗೆಂದು ತಂದ ಪೆಟ್ರೋಲಿನ ಕ್ಯಾನನ್ನು ಅವರ ವ್ಯಾನಿಗೆ ಸುರಿದುಕೊಟ್ಟರು. ಅವರು ನಮ್ಮ ವಿಳಾಸ ಕೊಡದೆ ಬಿಡಲಿಲ್ಲ. ತಿಂಗಳಾದ ಮೇಲೆ ಫ್ಲಾಗ್‌ಸ್ಟಾಫಿನ ಮುದ್ರೆಯಿದ್ದ ಒಂದು ಲಕೋಟೆ ಬಂತು. ಒಳಗೆ ಇಪ್ಪತ್ತು ಡಾಲರಿನ ನೋಟು. ಪೆಟ್ರೋಲಿನ ಬೆಲೆಗಿಂತ ಎರಡು ಮೂರು ಡಾಲರ್ ಹೆಚ್ಚೇ ಇತ್ತು. ಲೋಟದ ಮೇಲಿನ ಗೋಪುರ.

ಇದನ್ನು ಓದಿ ಯಾರಾದರೂ ಕೇಳಬಹುದು: ‘ಸ್ವಾಮಿ, ಒಂದು ರಾತ್ರಿ ಒಬ್ಬರನ್ನು ಕರೆದು ಕೂರಿಸಿದಿರಿ. ಮಾರನೆಯ ರಾತ್ರಿಗೆ ಏನು?’ ನ್ಯಾಯವಾದ ಪ್ರಶ್ನೆ. ಫೀನಿಕ್ಸ್ ನಗರವಿರುವ ಮಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿಗೆ ಸಂಬಂಧಿಸಿದ ಸಾವುಗಳು 645. ಮೊಸರನ್ನದಿಂದ, ಬ್ಯಾಟರಿಯಿಂದ ಅವರನ್ನೆಲ್ಲ ಉಳಿಸಲಾಗುತ್ತಿರಲಿಲ್ಲ. ಅದೇ ಪ್ರದೇಶದಲ್ಲಿ 2018ರ ಸೆಪ್ಟೆಂಬರಿನಲ್ಲಿ 72 ವರ್ಷದ ಒಬ್ಬ ಹೆಂಗಸಿನ ಮನೆಯ ಕರೆಂಟನ್ನು 51 ಡಾಲರ್ ಬಾಕಿಗಾಗಿ ಕಡಿದರು. ಅವರು ಬಿಸಿಲ ಬೇಗೆಯಲ್ಲಿ ಮನೆಯೊಳಗೇ ತೀರಿಕೊಂಡರು. ಸುದ್ದಿ ಹೊರಬಂದ ಮೇಲೆ 2019ರಲ್ಲಿ ಅರಿಜೋನಾದ ನಿಯಂತ್ರಣ ಆಯೋಗ ಬೇಸಿಗೆಯ ತಿಂಗಳುಗಳಲ್ಲಿ ಬಾಕಿಗಾಗಿ ಕರೆಂಟು ಕಡಿಯುವುದನ್ನು ತಡೆಯಿತು. ಜೀವ ಉಳಿಸುವ ಶಕ್ತಿ ಹೆಚ್ಚಾಗಿ ಇರುವುದು ಇಂಥ ಸಾರ್ವಜನಿಕ ಏರ್ಪಾಟಿನಲ್ಲಿ, ಕಂಬದಿಂದ ಕಂಬಕ್ಕೆ ಹೋಗುವ ತಂತಿಯಲ್ಲಿ. ತಂತಿಯನ್ನು ಬಿಟ್ಟು ತನ್ನ ಬ್ಯಾಟರಿಯೊಂದಿಗೆ ಬಯಲಿಗೆ ಹೋಗುವವನು ತನ್ನೊಬ್ಬನ ಪಾಡನ್ನು ನೋಡಿಕೊಂಡಂತಾಯಿತು. ಅದನ್ನು ದೊಡ್ಡ ಸ್ವಾತಂತ್ರ್ಯವೆಂದು ಕೊಂಡಾಡಲು ನನ್ನ ಮನಸ್ಸು ಒಪ್ಪದು.

ಹಂಗೇ ಇಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಬ್ಯಾಟರಿಯೊಳಗಿನ ಲಿಥಿಯಂ ಆಸ್ಟ್ರೇಲಿಯಾದ ಗಣಿಯಿಂದಲೋ ಚಿಲಿಯ ಅಟಕಾಮಾ ಉಪ್ಪುಬಯಲಿನಿಂದಲೋ ಬರುತ್ತದೆ. ಆ ಉಪ್ಪುಬಯಲಿನಲ್ಲಿ ನೀರಿನಂಥ ಉಪ್ಪುದ್ರವವನ್ನು ನೆಲದೊಳಗಿಂದ ಎತ್ತಿ ಬಿಸಿಲಿಗೆ ಒಣಗಿಸುತ್ತಾರೆ. ಮಳೆಯೇ ಇಲ್ಲದ ಆ ಸೀಮೆಯ ಜನಕ್ಕೆ ನೀರಿನ ಚಿಂತೆ. ತಂತಿ ಕಡಿದುಕೊಂಡವನು ಹಂಗನ್ನು ಕಡಿದುಕೊಂಡಿಲ್ಲ, ದೂರದವರಿಗೆ ವರ್ಗಾಯಿಸಿದ್ದಾನೆ, ಅಷ್ಟೇ.

ಹಾಗಾದರೆ ಆ ಒಂದೂಕಾಲು ಗಂಟೆಯಿಂದ ಕಲಿಯಲು ಏನಾದರೂ ಇದೆಯೆ? ಇದೆ ಎಂದು ನನಗನಿಸುತ್ತದೆ. ಅಲ್ಲಿ ಲೆಕ್ಕದ ಪುಸ್ತಕ ಒಂದೇ ಪುಟದ್ದು. ಎಷ್ಟಿದೆ, ಎಷ್ಟು ಖರ್ಚಾಗುತ್ತದೆ, ಹೊಗೆ ಯಾರ ಮೂಗಿಗೆ ಹೋಗುತ್ತದೆ, ಎಲ್ಲವೂ ಒಂದು ನೋಟದಲ್ಲಿ ಕಾಣುತ್ತದೆ. ಮನೆಯ ಗೋಡೆಯ ಪ್ಲಗ್ಗಿನಲ್ಲಿ ಅದು ಕಾಣುವುದಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಮೊದಲ ಆಧುನಿಕ ಹವಾನಿಯಂತ್ರಣದ ನಕ್ಷೆ ಬರೆದದ್ದು 1902ರ ಜುಲೈನಲ್ಲಿ. ಅದು ಮನುಷ್ಯರ ಸುಖಕ್ಕಾಗಿ ಹುಟ್ಟಿದ್ದಲ್ಲ, ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಜಾರದಿರಲೆಂದು. ಅದಕ್ಕೆ ಕೆಲವೇ ದಿನ ಮೊದಲು, ಅದೇ ವರ್ಷದ ಜೂನ್ ಕೊನೆಯಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು ಮೂರು ವರ್ಷಗಳ ಮೇಲೆ, 1905ರಲ್ಲಿ. ಶಕ್ತಿ ಹುಟ್ಟುವ ಜಾಗ ಒಂದು, ಅದನ್ನು ಉಣ್ಣುವ ಜಾಗ ಇನ್ನೊಂದು ಎಂಬ ಏರ್ಪಾಟು ನಮ್ಮಲ್ಲಿ ಅಲ್ಲಿಂದ ಬೆಳೆಯಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ರಾಜ್ಯಕ್ಕೆಲ್ಲ ಬೆಳಕು ಕೊಟ್ಟಳು. ನನ್ನ ಸೋದರತ್ತೆಯ ಊರು ಆ ನೀರಿನ ಕೆಳಗಿದೆ. ಊರು ಬಿಟ್ಟ ಕುಟುಂಬಗಳನ್ನು ಲಾರಿಗಳಲ್ಲಿ ತಂದು ಕಾಡಿನಂಚಿನಲ್ಲಿ ಇಳಿಸಿದರು. ಭೂಮಿಯ ಹಕ್ಕುಪತ್ರದ ಪ್ರಶ್ನೆ ದಶಕಗಟ್ಟಲೆ ಬಗೆಹರಿಯದೆ ಉಳಿಯಿತು. ಬೆಳಕಿಗಾಗಿ ಮನೆ ಕಳೆದುಕೊಂಡವರಲ್ಲಿ ಎಷ್ಟೋ ಜನ ಬಹುಕಾಲ ಚಿಮಣಿ ಬುಡ್ಡಿಯಲ್ಲೇ ರಾತ್ರಿ ಕಳೆದರು. ಆ ಅತ್ತೆ ನಮ್ಮ ಮನೆಗೆ ಬಂದಾಗ ಸ್ವಿಚ್ಚನ್ನು ತಾನೇ ಹೋಗಿ ಆರಿಸುತ್ತಿದ್ದಳು. ‘ಬೇಡದಿದ್ದಾಗ ಯಾಕೆ ಉರಿಯಬೇಕು?’ ಎಂದಷ್ಟೇ ಹೇಳುತ್ತಿದ್ದಳು. ಅದನ್ನು ನಾವು ಜಿಪುಣತನವೆನ್ನುತ್ತಿದ್ದೆವು. ಅವಳಿಗೆ ಆ ಸ್ವಿಚ್ಚಿನ ಹಿಂದೆ ಒಂದು ಊರು ಕಾಣುತ್ತಿತ್ತು.

ಎಸಿ ಬೇಡವೆಂದು ಉಪದೇಶ ಮಾಡುವ ಹಕ್ಕು ನನಗಿಲ್ಲ, ಇಷ್ಟವೂ ಇಲ್ಲ. ಬಿಸಿಲು ಮೊದಲು ಹುಡುಕಿಕೊಂಡು ಬರುವುದು ಕೂಸುಗಳನ್ನೂ ಮುದುಕರನ್ನೂ. ಅವರಿಗೆ ತಂಪು ಔಷಧಿಯಿದ್ದಂತೆ, ಅದನ್ನು ಭೋಗವೆನ್ನುವುದು ಕ್ರೂರತನ. ಹಂಗಿಲ್ಲದೆ ಬಾಳುವುದು ದೊಡ್ಡದೆಂದು ನಮ್ಮ ತಂದೆಯವರ ಕಾಲದವರು ನಂಬಿದರು. ಈ ಕಾಲದಲ್ಲಿ ಅದು ಯಾರ ಕೈಗೂ ಸಿಗುವ ಹಣ್ಣಲ್ಲ. ಯಾರ ಹಂಗಿನಲ್ಲಿದ್ದೇವೆ ಎಂಬುದನ್ನು ತಿಳಿದು ಬಾಳುವುದು ಮಾತ್ರ ಸಾಧ್ಯವಿದೆ. ತಿಳಿದವನಿಗೆ ‘ನನಗೆಷ್ಟು ಬೇಕು’ ಎಂಬುದರ ಜೊತೆಗೆ ‘ನನ್ನದು ಯಾರ ಮೇಲೆ ಬೀಳುತ್ತದೆ’ ಎಂಬ ಪ್ರಶ್ನೆಯೂ ಏಳುತ್ತದೆ.

ಕಳೆದ ಮಾರ್ಚಿನಲ್ಲಿ ಶಿವಮೊಗ್ಗದ ನಮ್ಮ ಮನೆಗೂ ಒಂದು ಎಸಿ ಬಂತು. ಮಗನ ಒತ್ತಾಯ; ನನ್ನ ಹೆಂಡತಿಗೆ ಬಿಪಿ, ಬೇಸಿಗೆಯಲ್ಲಿ ನಿದ್ದೆಯಿಲ್ಲ. ಅಳವಡಿಸಲು ಬಂದ ಹುಡುಗ ಗೋಡೆ ತಟ್ಟಿ ನೋಡಿ ‘ಔಟ್‌ಡೋರ್ ಯೂನಿಟ್ ಇಲ್ಲಿ ಹಾಕೋಣ ಸಾರ್, ಪೈಪು ಕಡಿಮೆ ಸಾಕು’ ಎಂದ. ಅವನು ತೋರಿಸಿದ ಗೋಡೆಯ ಎದುರಿಗೆ, ನಾಲ್ಕಡಿ ಓಣಿಯಾಚೆ, ಪಕ್ಕದ ಮನೆಯ ಅಜ್ಜಿ ಮಲಗುವ ಕೋಣೆಯ ಕಿಟಕಿ. ಅದು ಬೇಸಿಗೆಯಲ್ಲಿ ಹಗಲೂ ರಾತ್ರಿಯೂ ತೆರೆದೇ ಇರುತ್ತದೆ. ತಾರಸಿಯ ಮೇಲೆ ಹಾಕಲು ಎಷ್ಟಾಗುತ್ತದೆ ಎಂದು ಕೇಳಿದೆ. ತಾಮ್ರದ ಪೈಪು ಇನ್ನೂ ಹದಿನೈದು ಅಡಿ ಬೇಕು, ಕಬ್ಬಿಣದ ಸ್ಟ್ಯಾಂಡು ಬೇರೆ, ಕೂಲಿ ಬೇರೆ ಎಂದು ಅವನು ಬೆರಳು ಮಡಿಸುತ್ತ ಲೆಕ್ಕ ಹೇಳಿದ. ‘ಎಲ್ಲರೂ ಇಲ್ಲೇ ಹಾಕಿಸ್ತಾರೆ ಸಾರ್, ಯಾರೂ ಏನೂ ಅನ್ನಲ್ಲ’ ಎಂದೂ ಸೇರಿಸಿದ. ಅವನು ಹೇಳಿದ್ದು ನಿಜ. ಆ ಅಜ್ಜಿ ಏನೂ ಅನ್ನುತ್ತಿರಲಿಲ್ಲ.

ಯಂತ್ರವನ್ನು ತಾರಸಿಗೆ ಹತ್ತಿಸಿದೆವು. ಏಪ್ರಿಲ್ ಮಧ್ಯಾಹ್ನಗಳಲ್ಲಿ ನನ್ನ ಹೆಂಡತಿ ಓಣಿಯ ಕಿಟಕಿಯಲ್ಲಿ ನಿಂತು ಅಜ್ಜಿಯನ್ನು ಕರೆಯುತ್ತಾಳೆ. ಅಜ್ಜಿ ಹೂಬತ್ತಿ ಹೊಸೆಯುವ ಹತ್ತಿಯ ಬುಟ್ಟಿ ಹಿಡಿದುಕೊಂಡು ಬರುತ್ತಾರೆ. ಬರಿಗೈಯಲ್ಲಿ ಅವರೂ ಬರುವುದಿಲ್ಲ.